ತಾತನ ಕೋವಿಗೆ ದುರ್ಬೀನು ಬೇಡ

(ಒಬ್ಬರು ತಿ. ನರಸೀಪುರದವರು. ಸೇನೆಯ ಇ.ಎಂ.ಇ. ದಳದಲ್ಲಿ ಆರ್ಮರರ್ ಆಗಿ ಬಂದೂಕುಗಳ ದುರಸ್ತಿ ನೋಡಿಕೊಂಡಿದ್ದು, ಹವಾಲ್ದಾರರಾಗಿ ನಿವೃತ್ತರಾದವರು. ಇನ್ನೊಬ್ಬ ಅವರ ಅಕ್ಕನ ಮಗ, ನಂಜನಗೂಡಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸಕ್ಕಿರುವವನು. ಮಾತಿಗೆ ಬಂದ ಕೋವಿ ಅವನ ಅಪ್ಪನ ಅಪ್ಪನದು. ಅವರು ತೀರಿಕೊಂಡ ಮೇಲೆ ಅದು ಮೈಸೂರಿನ ಪರವಾನಗಿ ಇರುವ ಅಂಗಡಿಯೊಂದರಲ್ಲಿ ಠೇವಣಿಯಾಗಿದೆ. ಇಬ್ಬರ ಮುಂದೆ ಇರುವುದು ಅದರ ಚಿತ್ರಗಳು ಮಾತ್ರ.)

ಅಳಿಯ: ಈ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿ ಮಾವ. ಎಡಗಡೆಯದು ತಾತನ ರೈಫಲ್ಲು. ಬಲಗಡೆಯದು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸ್ನೈಪರ್‌ಗಳು ಹಿಡಿದಿದ್ದ ಲೀ-ಎನ್‌ಫೀಲ್ಡ್ ನಂಬರ್ 4 ಮಾರ್ಕ್ 1 (ಟಿ). ಬೋಲ್ಟು, ಟ್ರಿಗರು, ಮರದ ವಾಟ, ಎಲ್ಲ ಒಂದೇ ಥರ. ತಾತನದಕ್ಕೂ ಒಂದು ದುರ್ಬೀನು ಕೂರಿಸಿಬಿಟ್ಟರೆ ಎರಡೂ ಅಣ್ಣತಮ್ಮ ಅನ್ನಬೇಕು.

ಮಾವ: ಅಣ್ಣತಮ್ಮ ಅಲ್ಲ ಕಣಪ್ಪ, ದಾಯಾದಿಗಳು. ಏನೇನು ಮಾಡಿಸಬೇಕು ಅಂತಿದ್ದೀಯ, ಅದ ಹೇಳು ಮೊದಲು.

ಅಳಿಯ: ಇಪ್ಪತ್ತೈದು ಸಾವಿರ ಎತ್ತಿಟ್ಟಿದ್ದೀನಿ. ಅದಕ್ಕಿಂತ ಮೇಲೆ ನನ್ನ ಕೈಲಾಗಲ್ಲ. ನಳಿಗೆ ಮೇಲೆ ತುಕ್ಕಿದೆ, ಬಫಿಂಗ್ ಹೊಡೆಸಿ ಹೊಸದಾಗಿ ಬ್ಲೂಯಿಂಗ್ ಮಾಡಿಸ್ತೀನಿ. ಮರಕ್ಕೆ ಉಪ್ಪುಕಾಗದ ಹಾಕಿ ತಿಕ್ಕಿ ಪಾಲಿಶ್ ಕೊಡ್ತೀನಿ. ದುರ್ಬೀನಿನ ಬ್ರಾಕೆಟ್ಟು ಹೊರಗಡೆ ಮಾಡಿಸೋದೇ ಬೇಡ, ಮಿಲ್ಲಿಂಗ್ ನನಗೇ ಬರುತ್ತೆ. ಉಳಿದ ದುಡ್ಡು ದುರ್ಬೀನಿಗೆ.

ಮಾವ: ನಳಿಗೆಯ ಬುಡದ ಚಿತ್ರ ದೊಡ್ಡದು ಮಾಡು. ಏನು ಬರೆದದೆ ಓದು.

ಅಳಿಯ: .315. ಇನ್ನೊಂದು ಕಡೆ ಇಷಾಪುರದ ಮುದ್ರೆ.

ಮಾವ: ಇಡೀ ಕತೆ ಅಲ್ಲೇ ಅದೆ. ನೀನು ಬಲಗಡೆ ಇಟ್ಟಿರೋದು .303. ಪೊಲೀಸರ ಹೆಗಲ ಮೇಲೆ ನಾವು ಚಿಕ್ಕಂದಿನಿಂದ ಕಂಡ ತ್ರೀ ನಾಟ್ ತ್ರೀ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ದಿನ ಅದನ್ನ ಬೀಳ್ಕೊಟ್ಟರು. ಆ ಅಳತೆಯ ರೈಫಲ್ಲು ನಿನ್ನಂಥವರ ನನ್ನಂಥವರ ಮನೆಗೆ ಬರೋ ಹಾಗಿಲ್ಲ. .303, 7.62 ಎಂ.ಎಂ., ಒಟ್ಟು ಸೇನೆಯ ಗುಂಡು ಕೂರುವ ಬೋಲ್ಟ್ ರೈಫಲ್ಲುಗಳನ್ನೆಲ್ಲ ಆಯುಧ ನಿಯಮಗಳು ನಿರ್ಬಂಧಿತ ಪಟ್ಟಿಯಲ್ಲಿ ಇಟ್ಟಿವೆ. ಇದು ಬ್ರಿಟಿಷರಿಂದ ಬಂದ ಭಯ. 1857 ನೋಡಿದವರು 1878ರಲ್ಲಿ ಆಯುಧ ಕಾಯ್ದೆ ತಂದು ಜನರ ಕೈ ಬರಿದು ಮಾಡಿದರು. ಸೈನ್ಯದಿಂದ ಕದ್ದ ಗುಂಡು ಯಾರ ಮನೆ ಕೋವಿಗೂ ಕೂರಬಾರದು, ಅದು ಅವರ ಲೆಕ್ಕ. ಬೇಟೆಗೆ ಬರೋ ದೊರೆಗಳಿಗೂ ಇದೇ ಕಟ್ಟು. 1907ರಲ್ಲಿ .450 ಬೋರನ್ನ ಭಾರತದಲ್ಲಿ ನಿಲ್ಲಿಸಿದರು. ಅದೇ ವರ್ಷ ಲಂಡನ್ನಿನ ಕೋವಿ ಅಂಗಡಿಯವರು .470 ಅಂತ ಬೇರೆ ಅಳತೆ ತೆಗೆದರು. ಹಾಗೇ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯವರು ಲೀ-ಎನ್‌ಫೀಲ್ಡ್ ಮೈಗೆ ಆಸ್ಟ್ರಿಯಾದ 8 ಎಂ.ಎಂ. ಮ್ಯಾನ್ಲಿಕರ್ ಗುಂಡಿನ ನಳಿಗೆ ತೊಡಿಸಿ, .315 ಅಂತ ಹೆಸರಿಟ್ಟು ಇಲ್ಲಿಗೆ ಮಾರಿದರು. ಸ್ವಾತಂತ್ರ್ಯ ಬಂದ ಮೇಲೆ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆ ಅದೇ ಅಳತೆಯನ್ನ ಮುಂದುವರಿಸಿತು. ಪೊಲೀಸರ .410 ಮಸ್ಕೆಟ್ಟು ಹುಟ್ಟಿದ್ದೂ ಇದೇ ಯೋಚನೆಯಿಂದ. ಕಳ್ಳತನವಾದರೂ ಅದಕ್ಕೆ .303 ಗುಂಡು ಉಪಯೋಗಕ್ಕೆ ಬರಬಾರದು.

ಅಳಿಯ: ಅಂದರೆ ತಾತನದು ಮಿಲಿಟರಿ ಕೋವಿಯೇ ಅಲ್ಲ.

ಮಾವ: ಮೈ ಮಿಲಿಟರಿಯದು, ನಳಿಗೆ ರೈತಂದು. ನಿಮ್ಮ ತಾತ ಅದನ್ನ ತಗೊಂಡಿದ್ದು ಬೆಳೆ ಕಾಯೋಕೆ. ಕಪಿಲೆ ದಡದ ಗದ್ದೆಗೆ ರಾತ್ರಿ ಹಂದಿ ನುಗ್ಗಿದರೆ ಬೆಳಗ್ಗೆ ಕಬ್ಬೂ ಇಲ್ಲ ಭತ್ತವೂ ಇಲ್ಲ. ಆಕಾಶಕ್ಕೆ ಒಂದು ಈಡು ಹೊಡೆದರೆ ಹಿಂಡು ತಿರುಗಿಕೊಳ್ಳೋದು. ಆ ಕೋವಿ ಮಾಡಿದ ಕೆಲಸ ಬಹುಪಾಲು ಅದೇ.

ಅಳಿಯ: ನನಗೆ ಆ ಸ್ನೈಪರ್ ಮೇಲೆ ಮನಸ್ಸು ಹೋದದ್ದು ಸುಮ್ಮನೆ ಅಲ್ಲ ಮಾವ. ಅದನ್ನ ತಯಾರು ಮಾಡಿದ ರೀತಿಯೇ ಹಂಗಿದೆ. ಕಾರ್ಖಾನೆಯಲ್ಲಿ ಪರೀಕ್ಷೆಗೆ ಹೊಡೆದಾಗ ಎಲ್ಲಕ್ಕಿಂತ ಚೆನ್ನಾಗಿ ಗುರಿ ಹಿಡಿದ ರೈಫಲ್ಲುಗಳನ್ನ ಆರಿಸಿ, 1942ರಿಂದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳಿಸ್ತಿದ್ದರು. ಅವರು ಎಡಗಡೆ ಎರಡು ಉಕ್ಕಿನ ಪಟ್ಟಿ ಕೂರಿಸಿ, ಬ್ರಾಕೆಟ್ಟು ಹಾಕಿ, ಕೆನ್ನೆ ಒರಗೋಕೆ ಮರದ ದಿಂಬು ಜೋಡಿಸಿ ಕೊಡ್ತಿದ್ದರು. ದುರ್ಬೀನು ನಂಬರ್ 32. ಅದು ಮೊದಲು ಬ್ರೆನ್ ಗನ್ನಿಗೆ ಅಂತ ಯೋಚಿಸಿದ್ದಂತೆ. ಇದೇ ರೈಫಲ್ಲುಗಳಲ್ಲಿ ಕೆಲವನ್ನ 1970ರಿಂದ 7.62ಕ್ಕೆ ಬದಲಾಯಿಸಿ ಎಲ್42 ಅಂತ ಮಾಡಿಕೊಂಡು, ಬ್ರಿಟಿಷ್ ಸೇನೆ ಎಷ್ಟೋ ವರ್ಷ ನಡೆಸಿತು.

ಮಾವ: ಚೆನ್ನಾಗಿ ಓದಿಕೊಂಡಿದ್ದೀಯ. ಹಂಗಾದರೆ ಆ ದುರ್ಬೀನಿನ ನಂಬರು ಎಲ್ಲಿ ಹೊಡೆದಿರ್ತಾರೆ, ಅದೂ ಗೊತ್ತಿರಬೇಕು.

ಅಳಿಯ: ಬಟ್ಟಿನ ಕುತ್ತಿಗೆ ಮರದ ಮೇಲೆ. ರೈಫಲ್ಲಿನ ನಂಬರು ಬ್ರಾಕೆಟ್ಟಿನ ಮೇಲೆ.

ಮಾವ: ಒಂದು ರೈಫಲ್ಲಿಗೆ ಒಂದು ದುರ್ಬೀನು. ಬೇರೆಯದನ್ನ ಹಾಕಿದರೆ ಗುರಿ ತಪ್ಪುತ್ತೆ. ಅದರ ಬೆಲೆ ಇರೋದು ಆ ಜೋಡಿ ನಂಬರಿನಲ್ಲಿ. ಹೊರದೇಶದಲ್ಲಿ ಕಡಿಮೆ ದುಡ್ಡಿನವರು ಸಾಧಾರಣ ನಂಬರ್ 4 ತಗೊಂಡು, ಹೊಸದಾಗಿ ಮಾಡಿದ ಬ್ರಾಕೆಟ್ಟು, ಹೊಸ ದುರ್ಬೀನು ಕೂರಿಸ್ತಾರೆ. ನಕಲು ಅಂತ ಹೇಳಿಕೊಂಡು ಇಟ್ಟುಕೊಂಡರೆ ಅದರಲ್ಲಿ ತಪ್ಪಿಲ್ಲ. ಅದೇ 'ಟಿ' ಮುದ್ರೆ ಹೊಡೆದು ಮಾರಿದರೆ ಮೋಸ. ಅಲ್ಲಿ ಕೊನೇಪಕ್ಷ ಕೋವಿಯಾದರೂ ಅದೇ ಜಾತಿಯದು. ನೀನು ಮಾಡೋಕೆ ಹೊರಟಿರೋದು ಏನು? ನಿಮ್ಮ ತಾತನ ಕೋವಿಗೆ ಅದು ಕಾಣದ ಯುದ್ಧದ ವೇಷ ಹಾಕೋದು. ರಿಸೀವರಿಗೆ ಒಂದು ಸಲ ತೂತು ಕೊರೆದರೆ ಅದು ವಾಪಸ್ಸು ಮುಚ್ಚಲ್ಲ.

ಅಳಿಯ: ದುರ್ಬೀನು ಬಿಟ್ಟೆ ಅಂತಲೇ ಇಟ್ಟುಕೊಳ್ಳಿ. ಬಫಿಂಗ್ ಮಾಡಿಸೋದರಲ್ಲಿ ಏನು ತಪ್ಪು? ತುಕ್ಕು ತಿಂದು ಹಾಳಾಗೋದಕ್ಕಿಂತ ಮೇಲಲ್ವಾ?

ಮಾವ: ಬಫಿಂಗ್ ಚಕ್ರಕ್ಕೆ ಕೊಟ್ಟರೆ ಮೂಲೆಗಳು ಗುಂಡಗಾಗ್ತವೆ, ಅಕ್ಷರಗಳು ಸವೆದುಹೋಗ್ತವೆ. ಇಷಾಪುರದ ಮುದ್ರೆ, ನಂಬರು, ಪ್ರೂಫ್ ಗುರುತು, ಇವಿಷ್ಟೇ ಆ ಕೋವಿಯ ಜಾತಕ. ಕಾನೂನೂ ಅದನ್ನೇ ಹೇಳೋದು. 1959ರ ಆಯುಧ ಕಾಯ್ದೆಯ 8ನೇ ಕಲಮಿನಲ್ಲಿ ನಂಬರು ಅಳಿಸೋದು, ತಿದ್ದೋದು ಅಪರಾಧ ಅಂತ ಅದೆ. ನಳಿಗೆ ಮೊಟಕು ಮಾಡೋಕೂ ಪರವಾನಗಿ ಬೇಕು, ಅದು 6ನೇ ಕಲಮು. ಇನ್ನೊಬ್ಬರ ಕೋವಿ ರಿಪೇರಿ ಮಾಡೋ ಕಸುಬಿಗೂ ಬೇಕು, ಅದು 5. ನಾನು ಸಿಕಂದರಾಬಾದಿನ ಇ.ಎಂ.ಇ. ಸೆಂಟರಿನಲ್ಲಿ ಕಲಿತವನು, ಎಷ್ಟೋ ರೈಫಲ್ಲು ಬಿಚ್ಚಿ ಜೋಡಿಸಿದವನು. ಆದರೂ ಈವತ್ತು ನಿನ್ನ ಕೋವಿಯ ಮೆಕ್ಯಾನಿಸಂಗೆ ಸ್ಕ್ರೂಡ್ರೈವರ್ ಇಡೋ ಅಧಿಕಾರ ನನಗಿಲ್ಲ. ಅಂಗಡಿಯಲ್ಲಿ ಲೈಸೆನ್ಸ್ ಇರೋ ಗನ್‌ಸ್ಮಿತ್ ಮಾಡಬೇಕು. ನಾನು ಪಕ್ಕದಲ್ಲಿ ನಿಂತು ನೋಡಬಹುದು.

ಅಳಿಯ: ನಾನಂತೂ ಅದನ್ನ ಮುಟ್ಟೋಕೂ ಆಗಲ್ಲ. ಕೆಲಸ ಎಲ್ಲಿಂದ ಶುರು ಮಾಡೋದು?

ಮಾವ: ಕಾಗದದಿಂದ. ಕೋವಿ ಸರಿಮಾಡೋದು ಅಂದರೆ ಮೊದಲು ಅದರ ಕಾಗದ ಸರಿಮಾಡೋದು. ಹೆಚ್ಚು ಜನ ಎಡವೋದು ಇಲ್ಲೇ. ಮನೆ ಯಜಮಾನ ತೀರಿಕೊಂಡ ಮೇಲೆ ಕೋವಿ ಗೋಡೆ ಮೇಲೇ ಇರುತ್ತೆ, ಯಾರೂ ಠಾಣೆಗೆ ಹೇಳಲ್ಲ. ವರ್ಷಗಳಾದ ಮೇಲೆ ಯಾವುದೋ ಚುನಾವಣೆಗೆ ಬಂದೂಕು ಠೇವಣಿ ಮಾಡಿ ಅಂತ ನೋಟಿಸು ಬಂದಾಗ ನೆನಪಾಗುತ್ತೆ. ಅಷ್ಟು ಹೊತ್ತಿಗೆ ಅದು ಲೈಸೆನ್ಸ್ ಇಲ್ಲದ ಆಯುಧ, ಮನೆಯವರ ಮೇಲೆ ಕೇಸು. ನಿಮ್ಮಪ್ಪ ಹಾಗಾಗೋಕೆ ಬಿಡಲಿಲ್ಲ. ತಿಥಿ ಮುಗಿದ ಕೂಡಲೇ ಠಾಣೆಗೆ ಬರೆದುಕೊಟ್ಟು ಅಂಗಡಿಗೆ ಒಪ್ಪಿಸಿದ. ಅವತ್ತು ಅವನು ಹಾಗೆ ಮಾಡಿದ್ದಕ್ಕೇ ಇವತ್ತು ನೀನು ಕೂತು ರಿಪೇರಿ ಮಾತಾಡ್ತಿದ್ದೀಯ.

ಅಳಿಯ: ವಾರಸುದಾರ ಅಂತ ನನ್ನ ಹೆಸರಿಗೆ ಸಿಗುತ್ತಾ?

ಮಾವ: 2016ರ ನಿಯಮದಲ್ಲಿ ದಾರಿ ಅದೆ. ಲೈಸೆನ್ಸುದಾರ ತೀರಿಕೊಂಡರೆ ವಾರಸುದಾರ ಅರ್ಜಿ ಹಾಕಬಹುದು. ಬದುಕಿದ್ದಾಗಲೇ ಕೊಡೋದಾದರೂ ಸರಿ, ಅವರಿಗೆ 70 ತುಂಬಿರಬೇಕು, ಇಲ್ಲ ಕೋವಿ ಇಟ್ಟುಕೊಂಡು 25 ವರ್ಷ ಆಗಿರಬೇಕು. ಅರ್ಜಿ ಡಿ.ಸಿ. ಆಫೀಸಿಗೆ, ವಿಚಾರಣೆ ನಿಮ್ಮೂರಿನ ಠಾಣೆಯಿಂದ. ಮಿಕ್ಕ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಕೋವಿ ಹಿಡಿಯೋದು, ಇಡೋದು ಹೇಗೆ ಅಂತ ತರಬೇತಿ ಆಗಿರಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ನಿನ್ನ ಇಪ್ಪತ್ತೈದು ಸಾವಿರದಲ್ಲಿ ಮೊದಲ ಖರ್ಚು ಈ ಓಡಾಟಕ್ಕೆ, ಎರಡನೇದು ಅಂಗಡಿಯ ಠೇವಣಿ ಬಾಡಿಗೆಗೆ.

ಅಳಿಯ: ಕೊಡಗಿನವರಿಗೆ ಇದ್ಯಾವುದೂ ಇಲ್ಲ, ಅಲ್ವಾ?

ಮಾವ: ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಅದೆ, ನಿಜ. ಬ್ರಿಟಿಷರ ಕಾಲದ್ದು, ಈಗ 2029ರವರೆಗೆ ವಿಸ್ತರಿಸಿದಾರೆ. ಹೈಕೋರ್ಟೂ 2021ರಲ್ಲಿ ಅದನ್ನ ಎತ್ತಿಹಿಡಿಯಿತು. ಆದರೆ ನೀನು ಅಲ್ಲಿಂದ ಕಲಿಯಬೇಕಾದ್ದು ವಿನಾಯಿತಿ ಅಲ್ಲ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಬಂದಾಗ ಅವರು ಮನೆತನದ ಕೋವಿ ಇಳಿಸಿ, ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ ಅನ್ನೋ ಹೂ ಇಟ್ಟು ಪೂಜೆ ಮಾಡ್ತಾರೆ. ವರ್ಷಕ್ಕೊಂದು ಸಲ ತಪ್ಪದೆ ಕೈಗೆ ಸಿಕ್ಕ ಕೋವಿ ಅಷ್ಟು ಸುಲಭಕ್ಕೆ ಹಾಳಾಗಲ್ಲ. ಯುದ್ಧಕಾಲದ ಆಯುಧ ಕಣ್ಣಾರೆ ನೋಡಬೇಕು ಅಂದರೆ ಮಡಿಕೇರಿಯ ಸನ್ನಿ ಸೈಡಿಗೆ ಹೋಗಿ ಬಾ. ಜನರಲ್ ತಿಮ್ಮಯ್ಯನವರ ಮನೆ, 2021ರ ಫೆಬ್ರವರಿಯಿಂದ ಮ್ಯೂಸಿಯಂ.

ಅಳಿಯ: ಪೂಜೆ ಅಂದಿರಿ. ಈ ಚಿತ್ರ ನೋಡಿ, ನಳಿಗೆ ಮೇಲೆ ಅಡ್ಡಕ್ಕೆ ಮೂರು ಗೆರೆ, ಕಂದು ಬಣ್ಣ. ಇದೇ ನನಗೆ ಕಣ್ಣಿಗೆ ಚುಚ್ಚಿದ್ದು. ಬಫಿಂಗ್ ಅಂತ ಹೊರಟಿದ್ದೇ ಇದಕ್ಕೆ.

ಮಾವ: ಅದು ವಿಭೂತಿ ಕಣಪ್ಪ.

ಅಳಿಯ: ವಿಭೂತಿಯಾ?

ಮಾವ: ನಂಜುಂಡೇಶ್ವರನ ಒಕ್ಕಲು ನೀವು. ನಿಮ್ಮ ತಾತ ಪ್ರತಿ ಆಯುಧಪೂಜೆಗೂ ನೇಗಿಲು, ಗುದ್ದಲಿ, ಕುಡುಗೋಲು, ಕೋವಿ ಸಾಲಾಗಿ ಇಟ್ಟು ಮೂರು ಬೆರಳಲ್ಲಿ ಎಳೀತಿದ್ದ. ನಾನು ನಿಮ್ಮನೆ ಹಬ್ಬಕ್ಕೆ ಬಂದಾಗ ನೋಡಿದೀನಿ. ಒದ್ದೆ ವಿಭೂತಿ, ಮೇಲೆ ಕುಂಕುಮ, ಮುಂದೆ ನಿಂಬೆಹಣ್ಣು. ವಿಭೂತಿ ಮಳೆಗಾಲದ ಹವೆಯಲ್ಲಿ ತೇವ ಹಿಡಿದಿಡುತ್ತೆ. ನಿಂಬೆರಸ ಬಿದ್ದರಂತೂ ಹುಳಿ ಉಕ್ಕನ್ನ ಕಚ್ಚುತ್ತೆ. ಮಾರನೇ ದಿನ ಒರೆಸದೆ ಹಂಗೇ ಗೂಟಕ್ಕೆ ತಗುಲಿಹಾಕಿದ. ಗೋಡೆಗೆ ಸುಣ್ಣ, ಹೊರಗೆ ನಾಲೆ ನೀರಿನ ಗದ್ದೆ. ವರ್ಷವರ್ಷವೂ ಅದೇ ಜಾಗದಲ್ಲಿ ಅದೇ ಮೂರು ಬೆರಳು.

ಅಳಿಯ: ಹಂಗಾದರೆ ಅದನ್ನ ತೆಗೆಯೋದು ಬೇಡ ಅಂತೀರಾ?

ಮಾವ: ಬೇಡ. ತುಕ್ಕು ಬೆಳೆಯೋದನ್ನ ನಿಲ್ಲಿಸು, ಗೆರೆ ಹಾಗೇ ಇರಲಿ. ಕೆಂಪಗೆ ಪುಡಿಯಾಗಿ ಉದುರೋ ತುಕ್ಕು ಜೀವಂತ ತುಕ್ಕು, ಅದು ಹೋಗಬೇಕು. ಕಂದಾಗಿ ಗಟ್ಟಿಯಾಗಿ ಕೂತಿರೋದು ಅಲ್ಲಿಗೇ ನಿಂತಿದೆ. ತೆಳುವಾದ ಎಣ್ಣೆ ಹಚ್ಚಿ ಒಂದು ರಾತ್ರಿ ನೆನೆಯೋಕೆ ಬಿಟ್ಟು, ಎಲ್ಲಕ್ಕಿಂತ ನಯವಾದ ಸ್ಟೀಲ್ ಉಣ್ಣೆಯಲ್ಲಿ, ನಾಲ್ಕು ಸೊನ್ನೆ ನಂಬರಿನದು, ಎಣ್ಣೆ ಜೊತೆಗೇ ಹಗುರವಾಗಿ ಆಡಿಸಬೇಕು. ಒಣಗಿದ್ದಾಗ ಉಜ್ಜಬಾರದು. ಅಳಿದುಳಿದ ಕಪ್ಪು ಹಂಗೇ ಉಳಿಯುತ್ತೆ, ಕೆಂಪು ಮಾತ್ರ ಬಟ್ಟೆಗೆ ಬರುತ್ತೆ. ಎಣ್ಣೆ, ಸ್ಟೀಲ್ ಉಣ್ಣೆ, ಹಳೇ ಪಂಚೆ ತುಂಡು, ಇಷ್ಟೇ ಖರ್ಚು. ಇನ್ನು ಮುಂದೆ ಪೂಜೆಯ ದಿನ ವಿಭೂತಿ ಕೋವಿ ಪೆಟ್ಟಿಗೆಗೆ ಹಚ್ಚು, ದೇವರು ಬೇಸರ ಮಾಡಿಕೊಳ್ಳಲ್ಲ.

ಅಳಿಯ: ಮರಕ್ಕೆ?

ಮಾವ: ಉಪ್ಪುಕಾಗದ ಮನೆಯೊಳಗೇ ತರಬೇಡ. ಈ ಕೋವಿಗಳಲ್ಲಿ ಮರ ಕಬ್ಬಿಣದ ಮಟ್ಟಕ್ಕೆ ಸರಿಯಾಗಿ ಕೂತಿರುತ್ತೆ. ತಿಕ್ಕಿದರೆ ಮರ ತಗ್ಗಿ ಕಬ್ಬಿಣ ಎದ್ದು ಕಾಣುತ್ತೆ, ಆಮೇಲೆ ಏನು ಬಳಿದರೂ ಸರಿಹೋಗಲ್ಲ. ಹಳೇ ಎಣ್ಣೆ ಕುಡಿದು ಕಪ್ಪಾಗಿರೋ ಕಡೆ ಸೀಮೆಸುಣ್ಣದ ಪುಡಿ ಬಳಿದು ಬಿಸಿಲಿಗಿಡು. ಎಣ್ಣೆ ಪುಡಿಗೆ ಏರುತ್ತೆ, ಒರೆಸಿ ಮತ್ತೆ ಬಳಿ. ತಗ್ಗು ಬಿದ್ದಿದ್ದರೆ ಒದ್ದೆ ಬಟ್ಟೆ ಹಾಸಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಹಬೆಗೆ ಮರ ಉಬ್ಬಿ ಮಟ್ಟಕ್ಕೆ ಬರುತ್ತೆ. ಸೇನೆಯಲ್ಲಿ ಮರಕ್ಕೆ ಅಗಸೆ ಎಣ್ಣೆ ಬಿಟ್ಟು ಬೇರೆ ಏನೂ ಇರಲಿಲ್ಲ. ಅಂಗೈಯಲ್ಲಿ ಹಾಕಿ ಬಿಸಿಯಾಗೋವರೆಗೂ ತಿಕ್ಕೋದು, ಹೆಚ್ಚಿನದನ್ನ ಒರೆಸೋದು, ಒಣಗೋಕೆ ಬಿಡೋದು, ಮತ್ತೆ ತಿಕ್ಕೋದು. ತಿಂಗಳುಗಟ್ಟಲೆ ಹಿಡಿಯುತ್ತೆ, ದುಡ್ಡು ಮಾತ್ರ ಒಂದು ಬಾಟಲಿ ಎಣ್ಣೆಯದೇ. ಹೊಳೆಯೋ ಪಾಲಿಶ್ ಹೊಡೆದರೆ ಮರ ಉಸಿರಾಡಲ್ಲ, ಒಳಗೆ ಸಿಕ್ಕ ತೇವ ಕಬ್ಬಿಣ ತಿನ್ನುತ್ತೆ. ಒಂದು ಮಾತು ನೆನಪಿರಲಿ, ಅಗಸೆ ಎಣ್ಣೆ ಹಿಡಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ತಾನೇ ಕಾವು ಏರಿ ಹೊತ್ತಿಕೊಳ್ಳುತ್ತೆ. ಹರವಿ ಒಣಗಿಸು, ಇಲ್ಲ ನೀರಲ್ಲಿ ನೆನೆಸು.

ಅಳಿಯ: ನಳಿಗೆ ಒಳಗೆ?

ಮಾವ: ಬಟ್ಟಿನ ಹಿಂದುಗಡೆ ಹಿತ್ತಾಳೆಯ ಮುಚ್ಚಳ ಇದ್ದರೆ ಒಮ್ಮೆ ತೆಗೆಸಿ ನೋಡು. ಸೇನೆಯ ಲೀ-ಎನ್‌ಫೀಲ್ಡ್‌ಗಳಲ್ಲಿ ಅದರೊಳಗೆ ಎಣ್ಣೆ ಬಾಟಲಿ, ನಳಿಗೆ ಎಳೆಯೋ ದಾರ ಇಡ್ತಿದ್ದರು. ದಾರದ ಕುಣಿಕೆಗೆ ಚಿಂದಿ ಸಿಕ್ಕಿಸಿ ಎಳೆಯೋದು. ಹಳೇ ಗುಂಡುಗಳ ಕೇಪಿನಿಂದ ನಳಿಗೆಯಲ್ಲಿ ಉಪ್ಪು ಉಳೀತಿತ್ತು, ಹೊಡೆದ ದಿನವೇ ತೊಳೆಯದಿದ್ದರೆ ಒಳಗೆಲ್ಲ ತುಕ್ಕು. ಅದಕ್ಕೇ ಸಿಪಾಯಿಗಳು ನಳಿಗೆಗೆ ಕುದಿಯೋ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಎಳೀತಿದ್ದರು. ಬರೀ ಎಣ್ಣೆಗೆ ಉಪ್ಪು ಕರಗಲ್ಲ. ನಿಮ್ಮ ತಾತ ಅದನ್ನ ಮಾಡಿದಾನೋ ಇಲ್ಲವೋ ನಳಿಗೆ ಒಳಗೆ ಬೆಳಕು ಬಿಟ್ಟು ನೋಡಿದರೆ ಗೊತ್ತಾಗುತ್ತೆ.

ಅಳಿಯ: ಇಷ್ಟೆಲ್ಲ ಮಾಡಿ ಗೋಡೆಗೆ ನೇತುಹಾಕೋದಾದರೆ ಏನು ಪ್ರಯೋಜನ ಮಾವ? ಕೋವಿ ಅಂದಮೇಲೆ ಈಡು ಹಾರಬೇಕು. 2022ರ ಕೊನೆಯಿಂದ 2023ರ ಜನವರಿಯೊಳಗೆ ನಿಮ್ಮ ತಾಲ್ಲೂಕಲ್ಲೇ ಚಿರತೆ ದಾಳಿಗೆ ನಾಲ್ಕು ಜೀವ ಹೋಯಿತಲ್ಲ. ಆವಾಗ ಊರಲ್ಲಿ ಎಲ್ಲರೂ ಕೇಳಿದ್ದು, ಯಾರ ಮನೇಲಿ ಕೋವಿ ಇದೆ ಅಂತ.

ಮಾವ: ಕೇಳಿದ್ದು ನನ್ನನ್ನೂ. ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು ಕೂತ ದಿನಗಳು ಅವು. ಆ ಭಯವನ್ನ ನಾನು ಹಗುರ ಮಾಡಲ್ಲ. ಆದರೆ ಚಿರತೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಅದನ್ನ ಹಿಡಿಯೋದೋ ಹೊಡೆಯೋದೋ ತೀರ್ಮಾನ ಮಾಡೋದು ಮುಖ್ಯ ವನ್ಯಜೀವಿ ಪರಿಪಾಲಕರು. ಜೀವದ ಮೇಲೇ ಬಂದ ಗಳಿಗೆ ಬೇರೆ ಮಾತು. ಕತ್ತಲಲ್ಲಿ ಪರೀಕ್ಷೆ ಮಾಡಿಸದ ಹಳೇ ರೈಫಲ್ಲು ಹಿಡಿದು ಹೊರಟವನು ಚಿರತೆಗಿಂತ ಪಕ್ಕದಲ್ಲಿರೋನಿಗೆ ಅಪಾಯ.

ಅಳಿಯ: ಪರೀಕ್ಷೆ ಮಾಡಿಸಿದರೆ?

ಮಾವ: ಲೈಸೆನ್ಸ್ ಬಂದ ಮೇಲೆ ಗನ್‌ಸ್ಮಿತ್ ಹತ್ತಿರ ಮೊದಲು ಹೆಡ್‌ಸ್ಪೇಸ್ ನೋಡಿಸು. ಬೋಲ್ಟಿನ ಮುಖಕ್ಕೂ ಗುಂಡು ಕೂರೋ ಜಾಗಕ್ಕೂ ನಡುವೆ ಇರೋ ಸಂದು ಅದು. ಅಲ್ಲಿ ಸಡಿಲ ಜಾಸ್ತಿಯಾದರೆ ತೋಟಾ ಸೀಳಿ ಬೆಂಕಿಹೊಗೆ ಹಿಂದಕ್ಕೆ, ಮುಖಕ್ಕೆ ಬರುತ್ತೆ. ನಂಬರ್ 4ರಲ್ಲಿ ಬೋಲ್ಟಿನ ತಲೆಗಳಿಗೆ 0ಯಿಂದ 3ರವರೆಗೆ ಅಳತೆ ಕೊಟ್ಟಿದ್ದೇ ಈ ಸಂದು ಸರಿಹೊಂದಿಸೋಕೆ. ನೀನು ಟೂಲ್‌ರೂಮಿನವನು, ಕೂದಲೆಳೆ ಅಳತೆಯ ಬೆಲೆ ನಿನಗೆ ನಾನು ಹೇಳಬೇಕಾಗಿಲ್ಲ. ಬೋಲ್ಟಿನ ನಂಬರೂ ರೈಫಲ್ಲಿನ ನಂಬರೂ ಒಂದೇನಾ ನೋಡು. ಬೇರೆಯಾಗಿದ್ದರೆ ಯಾವತ್ತೋ ಬದಲಾಯಿಸಿದಾರೆ ಅಂತ ಲೆಕ್ಕ. ಎಲ್ಲ ಸರಿ ಬಂದರೆ ಗುಂಡು ಖಡ್ಕಿ ಕಾರ್ಖಾನೆಯದು ಅಂಗಡಿಯಲ್ಲಿ ಲೈಸೆನ್ಸಿನ ಲೆಕ್ಕಕ್ಕೆ ಸಿಗುತ್ತೆ. ಸರಿ ಬರದಿದ್ದರೆ ಹಾರಿಸೋ ಆಸೆ ಬಿಡು. ಆಗಲೂ ಅದು ನಿಮ್ಮ ತಾತನ ಕೋವಿಯೇ.

ಅಳಿಯ: ನನಗೊಂದು ಯೋಚನೆ ಬರ್ತಿದೆ. ಕೆಲಸ ಶುರು ಮಾಡೋ ಮೊದಲು ಅಂಗಡಿಯವರನ್ನ ಕೇಳಿ, ಪಕ್ಕದಲ್ಲಿ ಸ್ಕೇಲು ಇಟ್ಟು ಒಂದೊಂದು ಮುದ್ರೆ, ಒಂದೊಂದು ಗೀರು ಫೋಟೋ ತೆಗೀತೀನಿ. ಎಲ್ಲಿ ಏನಿದೆ, ಎಷ್ಟು ಅಳತೆ, ಏನು ಮಾಡಿದೆವು, ಯಾವ ಎಣ್ಣೆ, ಎಲ್ಲ ಒಂದು ಪುಸ್ತಕದಲ್ಲಿ. ನಮ್ಮಲ್ಲಿ ಡೈ ಕೈಗೆ ಬಂದರೆ ಹಂಗೇ ಮಾಡೋದು.

ಮಾವ: ಇದು ನನಗೆ ಹೊಳೆದಿರಲಿಲ್ಲ. ನಮಗೆ ಸೇನೆಯಲ್ಲಿ ಹಿಸ್ಟರಿ ಶೀಟ್ ಅಂತ ಕೊಡೋರು, ನಾವು ಬರೀತಿದ್ದೆವು, ಅಷ್ಟೇ. ಮನೆ ಕೋವಿಗೂ ಅದು ಬೇಕು. ತಾತನ ಹಳೇ ಲೈಸೆನ್ಸ್ ಪುಸ್ತಕ ಅದಕ್ಕೇ ಹಚ್ಚಿಡು. ತಾತನ ಜೊತೆ ಗದ್ದೆ ಕಾಯ್ತಿದ್ದವರು ಇನ್ನೂ ಒಬ್ಬಿಬ್ಬರು ಬದುಕಿದಾರೆ. ಎಲ್ಲಿ ಅಟ್ಟಣೆ ಕಟ್ಟಿದ್ದರು, ಯಾವ ಸುಗ್ಗಿಯಲ್ಲಿ ಏನಾಯಿತು, ಕೇಳಿ ಬರೆದುಕೋ. ಮಿಲ್ಲಿಂಗ್ ಆಸೆ ಇದ್ದೇ ಇದ್ದರೆ ಬೀಗ ಹಾಕೋ ಉಕ್ಕಿನ ಪೆಟ್ಟಿಗೆ ಮಾಡು, ಒಳಗೆ ಕೋವಿ ಒರಗೋ ಕಡೆ ಮೆತ್ತನೆ ಬಟ್ಟೆ. ಚರ್ಮದ ಚೀಲದಲ್ಲೋ ಕ್ಯಾನ್ವಾಸಿನಲ್ಲೋ ಸುತ್ತಿ ಇಡಬೇಡ, ತೇವ ಅಲ್ಲೇ ನಿಲ್ಲುತ್ತೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡು, ಮಳೆಗಾಲದಲ್ಲಿ ಆಗಾಗ ಬದಲಾಯಿಸು.

ಅಳಿಯ: ಇದೆಲ್ಲ ಸೇರಿ ಇಪ್ಪತ್ತೈದು ಸಾವಿರ ಆಗಲ್ಲ.

ಮಾವ: ಆಗಲ್ಲ. ಉಳಿದದ್ದನ್ನ ಮುಂದಿನ ಲೈಸೆನ್ಸ್ ನವೀಕರಣಕ್ಕೆ ಎತ್ತಿಡು. ಈಗ ಊರಿಗೆ ಹೋಗು. ಇಬ್ಬರು ಚಿಕ್ಕಪ್ಪಂದಿರು, ಅತ್ತೆ, ಮೂವರ ಸಹಿಯೂ ಒಪ್ಪಿಗೆ ಪತ್ರಕ್ಕೆ ಬೇಕು, ನಿಮ್ಮಪ್ಪಂದೂ ಸೇರಿ ನಾಲ್ಕು. ಆ ಸಹಿ ಆಗೋವರೆಗೂ ಎಣ್ಣೆ ಬಾಟಲಿ ಕೊಳ್ಳಬೇಡ.